ಭಕ್ಷೀಸು ಸಂಬಳವಾದ ಬಗೆ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಿ ಬಂದ ತಂದೆತಾಯಂದಿರು ಇಂದು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಅಪರೂಪವಲ್ಲ. ಅಲ್ಲಿಯ ಚಳಿ, ರಸ್ತೆ, ಭಾನುವಾರದ ಪೂಜೆ ಇವುಗಳ ವರ್ಣನೆಯ ನಡುವೆ ಹೋಟೆಲಿನ ಬಿಲ್ಲಿನ ಮಾತೂ ಒಮ್ಮೆ ಬಂದೇ ಬರುತ್ತದೆ. ಊಟಕ್ಕೆ ಐವತ್ತು ಡಾಲರ್ ಆದರೆ ಅದರ ಮೇಲೆ ಒಂಬತ್ತೋ ಹತ್ತೋ ಡಾಲರ್ ಟಿಪ್ಸು ಇಡಬೇಕಂತೆ. ಇಡದಿದ್ದರೆ ಜೊತೆಗಿದ್ದ ಮಗನೇ ನಾಚಿಕೊಳ್ಳುತ್ತಾನಂತೆ. ಭಕ್ಷೀಸು ಕೊಡುವುದು ಕೊಡುವವನ ಇಷ್ಟವಲ್ಲವೇ, ಇದೆಂಥ ಬಲವಂತ ಎಂಬ ಪ್ರಶ್ನೆಯೊಂದಿಗೆ ಆ ಪ್ರಸಂಗ ಮುಗಿಯುವುದು ವಾಡಿಕೆ.

ಪ್ರಶ್ನೆ ಸಹಜವಾದದ್ದೇ. ಆದರೆ ಆ ಹತ್ತು ಡಾಲರ್ ನಾವು ತಿಳಿದ ಅರ್ಥದ ಭಕ್ಷೀಸು ಅಲ್ಲ. ಅದು ಬಡಿಸಿದವರ ಸಂಬಳದ ಬಹುಭಾಗ. ಮಾಲಿಕರು ಕೊಡಬೇಕಾದ ಕನಿಷ್ಠ ವೇತನದ ಒಂದು ದೊಡ್ಡ ಪಾಲನ್ನು ಗಿರಾಕಿಯ ಜೇಬಿನಿಂದ ತುಂಬಿಸಿಕೊಳ್ಳಲು ಅಮೆರಿಕದ ಕಾಯಿದೆಯೇ ಅನುಮತಿ ಕೊಟ್ಟಿದೆ. ಕನಿಷ್ಠ ವೇತನವೆಂಬ ಕಲ್ಪನೆಯನ್ನು ಆ ದೇಶದಲ್ಲಿ ಕಾಯಿದೆಯ ಮಟ್ಟಕ್ಕೆ ಏರಿಸಲು ದುಡಿದವರಲ್ಲಿ ಇಬ್ಬರು ಕಥೋಲಿಕ ಗುರುಗಳು ಪ್ರಮುಖರೆಂಬುದು ತಿಳಿದಿರುವವರಿಗೆ ಈ ಅನುಮತಿಯ ಕತೆ ಇನ್ನಷ್ಟು ಕುತೂಹಲಕರವಾಗಿ ತೋರುತ್ತದೆ.

ಎರಡು ಡಾಲರ್ ಹದಿಮೂರು ಸೆಂಟ್ಸ್

ಅಮೆರಿಕದ ಕೇಂದ್ರ ಸರಕಾರದ ಕಾಯಿದೆಯಂತೆ ಒಂದು ಗಂಟೆಯ ದುಡಿಮೆಗೆ ಕನಿಷ್ಠ ವೇತನ 7 ಡಾಲರ್ 25 ಸೆಂಟ್ಸ್. 2009ರ ಜುಲೈ ತಿಂಗಳಿಂದ ಈ ಮೊತ್ತ ಬದಲಾಗಿಲ್ಲ. ಆದರೆ ಯಾವ ಕೆಲಸಗಾರನಿಗೆ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸು ವಾಡಿಕೆಯಾಗಿ ಬರುತ್ತದೆಯೋ ಅಂಥವನಿಗೆ ಮಾಲಿಕ ತನ್ನ ಕೈಯಿಂದ ಗಂಟೆಗೆ 2 ಡಾಲರ್ 13 ಸೆಂಟ್ಸ್ ಕೊಟ್ಟರೆ ಸಾಕು. ಉಳಿದ 5 ಡಾಲರ್ 12 ಸೆಂಟ್ಸನ್ನು ಟಿಪ್ಸಿನ ಲೆಕ್ಕಕ್ಕೆ ಬರೆದುಕೊಳ್ಳಬಹುದು. ಟಿಪ್ಸು ಅಷ್ಟು ಬಾರದೆ ಹೋದರೆ ಕೊರತೆಯನ್ನು ಮಾಲಿಕನೇ ತುಂಬಬೇಕು. ಹೀಗೆ ಲೆಕ್ಕ ಹಿಡಿಯುತ್ತೇನೆಂದು ಕೆಲಸಗಾರನಿಗೆ ಮುಂಚಿತವಾಗಿ ತಿಳಿಸಿರಲೂಬೇಕು.

ಓದಲು ನ್ಯಾಯವಾಗಿಯೇ ಕಾಣುತ್ತದೆ. ವಾರಕ್ಕೆ 40 ಗಂಟೆ ಬಡಿಸುವ ಒಬ್ಬಾಕೆಯ ಲೆಕ್ಕವನ್ನು ಮಾಡಿ ನೋಡೋಣ. ಮಾಲಿಕನ ಕೈಯಿಂದ ಆಕೆಗೆ ಸಲ್ಲುವುದು 85 ಡಾಲರ್ 20 ಸೆಂಟ್ಸ್. ಕನಿಷ್ಠ ವೇತನದಂತೆ ಆಕೆಗೆ ಸೇರಬೇಕಾದದ್ದು 290 ಡಾಲರ್. ನಡುವಿನ 204 ಡಾಲರ್ 80 ಸೆಂಟ್ಸನ್ನು ಗಿರಾಕಿಗಳು ಮೇಜಿನ ಮೇಲೆ ಬಿಟ್ಟು ಹೋಗಬೇಕು. ಅವರು ಬಿಟ್ಟದ್ದು 150 ಡಾಲರ್ ಮಾತ್ರವಾದರೆ ಮಾಲಿಕನು 54 ಡಾಲರ್ 80 ಸೆಂಟ್ಸ್ ಸೇರಿಸಿಕೊಡಬೇಕು.

ಸೇರಿಸಿಕೊಡಬೇಕೆಂದು ಕೇಳುವವರಾರು? ತೊಡಕು ಇರುವುದು ಇಲ್ಲಿ. ಲೆಕ್ಕ ಹಿಡಿಯುವುದು ದಿನಕ್ಕಲ್ಲ, ವಾರದ ಒಟ್ಟಿಗೆ. ಸೋಮವಾರ ಮಳೆಗೆ ಯಾರೂ ಬಾರದೆ ಆಕೆ ಆರು ಗಂಟೆ ಖಾಲಿ ಮೇಜುಗಳ ನಡುವೆ ನಿಂತು ಮನೆಗೆ ಹೋಗಿರಬಹುದು. ಶನಿವಾರದ ನೂಕುನುಗ್ಗಲಿನಲ್ಲಿ ಓಡಾಡಿ ಗಳಿಸಿದ್ದು ಸೋಮವಾರದ ಕೊರತೆಯನ್ನು ಮುಚ್ಚಿಬಿಡುತ್ತದೆ. ಅಂದರೆ ವ್ಯಾಪಾರವಿಲ್ಲದ ದಿನದ ನಷ್ಟದಲ್ಲಿ ಮಾಲಿಕನೊಂದಿಗೆ ಕೆಲಸಗಾರ್ತಿಯೂ ಪಾಲುದಾರಳಾಗುತ್ತಾಳೆ. ಲಾಭದಲ್ಲಿ ಮಾತ್ರ ಅಲ್ಲ. ಇನ್ನು ವಾರದ ಕೊನೆಗೂ ಕೊರತೆ ಉಳಿದಿದ್ದರೆ, ‘ನನಗೆ ಇಷ್ಟು ಕಡಿಮೆ ಬಿತ್ತು’ ಎಂದು ಆಕೆ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಮುಂದಿನ ವಾರ ಯಾರಿಗೆ ಶನಿವಾರದ ಸರದಿ, ಯಾರಿಗೆ ಸೋಮವಾರದ ಸರದಿ ಎಂದು ನಿಶ್ಚಯಿಸುವವನ ಮುಂದೆಯೇ ಈ ಮಾತು ಆಡಬೇಕು. ಕಾಯಿದೆ ಕೊಟ್ಟ ಹಕ್ಕನ್ನು ಎಷ್ಟು ಮಂದಿ ಕೇಳಿ ಪಡೆಯುತ್ತಾರೆಂದು ಊಹಿಸಲು ಹೋಟೆಲಿನಲ್ಲಿ ದುಡಿದ ಅನುಭವವೇನೂ ಬೇಕಿಲ್ಲ.

ಈ ವಿಚಿತ್ರ ಲೆಕ್ಕ ಎಲ್ಲಿಂದ ಬಂತೆಂದು ತಿಳಿಯಲು ಶತಮಾನಕ್ಕೂ ಹೆಚ್ಚು ಹಿಂದಕ್ಕೆ ಹೋಗಬೇಕು.

ಇಬ್ಬರು ಗುರುಗಳು

1891ರ ಮೇ 15ರಂದು ಜಗದ್ಗುರು ಹದಿಮೂರನೆಯ ಲಿಯೋ ಅವರು ‘ರೇರುಂ ನೊವಾರುಂ’ ಎಂಬ ವಿಶ್ವಪರಿಪತ್ರವನ್ನು ಪ್ರಕಟಿಸಿದರು. ಮಾಲಿಕನೂ ಕೆಲಸಗಾರನೂ ಪರಸ್ಪರ ಒಪ್ಪಿಕೊಂಡ ಮಾತ್ರಕ್ಕೆ ಸಂಬಳ ನ್ಯಾಯವಾದದ್ದೆಂದು ಹೇಳಲಾಗದು, ಮಿತವ್ಯಯದಿಂದ ಬಾಳುವ ಕೆಲಸಗಾರನ ಜೀವನಕ್ಕೆ ಅದು ಸಾಲಬೇಕು ಎಂಬುದು ಅದರ ಮುಖ್ಯ ಬೋಧನೆಗಳಲ್ಲಿ ಒಂದು. ಗತಿಯಿಲ್ಲದೆ ಒಪ್ಪಿದ ಒಪ್ಪಂದ ಸ್ವತಂತ್ರ ಒಪ್ಪಂದವಲ್ಲ ಎಂಬುದು ಅದರ ಒಳಗಿನ ವಿಚಾರ.

ಈ ಬೋಧನೆಯನ್ನು ಅಮೆರಿಕದ ನೆಲದಲ್ಲಿ ಬೇರೂರಿಸಿದವರು ಫಾದರ್ ಜಾನ್ ರಯನ್. ಮಿನ್ನೆಸೋಟ ರಾಜ್ಯದ ವರ್ಮಿಲಿಯನ್ ಎಂಬಲ್ಲಿ 1869ರಲ್ಲಿ, ಐರ್ಲೆಂಡಿನಿಂದ ವಲಸೆ ಬಂದ ರೈತ ಕುಟುಂಬದಲ್ಲಿ ಹುಟ್ಟಿದ ಇವರು ಸೇಂಟ್ ಪಾಲ್ ಗುರುಮಠದಲ್ಲಿ ಅಧ್ಯಾಪಕರಾಗಿದ್ದರು. 1906ರಲ್ಲಿ ಪ್ರಕಟವಾದ ಅವರ ‘ಎ ಲಿವಿಂಗ್ ವೇಜ್’ ಗ್ರಂಥವು ಜೀವನಕ್ಕೆ ಸಾಲುವ ಸಂಬಳ ಕೆಲಸಗಾರನ ಹಕ್ಕು, ಮಾಲಿಕನ ಔದಾರ್ಯವಲ್ಲ ಎಂದು ವಾದಿಸಿತು. ಅಮೆರಿಕದ ಧರ್ಮಾಧ್ಯಕ್ಷರು 1919ರಲ್ಲಿ ಹೊರಡಿಸಿದ ಸಾಮಾಜಿಕ ಪುನರ್ರಚನೆಯ ಕಾರ್ಯಕ್ರಮದ ಕರಡನ್ನು ಬರೆದವರೂ ಇವರೇ.

ಎರಡನೆಯವರು ರಯನ್ ಅವರ ಶಿಷ್ಯ ಫಾದರ್ ಎಡ್ವಿನ್ ಓಹಾರ. ಗುರುದೀಕ್ಷೆಯ ಬಳಿಕ ಇವರು ಪಶ್ಚಿಮ ತೀರದ ಓರೆಗಾನ್ ರಾಜ್ಯಕ್ಕೆ ಹೋದರು. ಅಲ್ಲಿಯ ಪೋರ್ಟ್‌ಲೆಂಡ್ ನಗರದಲ್ಲಿ ದುಡಿಯುವ ಹೆಣ್ಣುಮಕ್ಕಳ ಸಂಬಳ ಎಷ್ಟು, ಊಟ ಬಾಡಿಗೆಗಳ ಖರ್ಚು ಎಷ್ಟು ಎಂಬುದರ ಸಮೀಕ್ಷೆಯನ್ನು ಕ್ಯಾರೊಲಿನ್ ಗ್ಲೀಸನ್ ಎಂಬ ಯುವತಿ 1912ರಲ್ಲಿ ನಡೆಸಿದಳು. ಕಾಗದದ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ತಾನೇ ಕೂಲಿಯಾಗಿ ಸೇರಿ ಪರಿಸ್ಥಿತಿಯನ್ನು ಕಂಡುಕೊಂಡ ಈಕೆ ಮುಂದೆ ಸನ್ಯಾಸಿನಿಯಾಗಿ ಸಿಸ್ಟರ್ ಮಿರಿಯಂ ತೆರೇಸಾ ಎನಿಸಿಕೊಂಡಳು. ಸಮೀಕ್ಷೆಯ ಬಲದಿಂದ 1913ರಲ್ಲಿ ಓರೆಗಾನ್ ರಾಜ್ಯವು ಮಹಿಳೆಯರಿಗೆ ಹಾಗೂ ಬಾಲಕಾರ್ಮಿಕರಿಗೆ ಕಡ್ಡಾಯ ಕನಿಷ್ಠ ವೇತನದ ಕಾಯಿದೆಯನ್ನು ಮಾಡಿತು. ಅದನ್ನು ಜಾರಿಗೊಳಿಸುವ ಆಯೋಗಕ್ಕೆ ಫಾದರ್ ಓಹಾರ ಅವರೇ ಅಧ್ಯಕ್ಷರು. ಡಬ್ಬಿ ಕಾರ್ಖಾನೆಯ ಮಾಲಿಕನೊಬ್ಬ ಅವರ ಮೇಲೆಯೇ ದಾವೆ ಹೂಡಿದ. ಸ್ಟೆಟ್ಲರ್ ವಿರುದ್ಧ ಓಹಾರ ಎಂಬ ಆ ಮೊಕದ್ದಮೆ 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಾಲ್ಕು–ನಾಲ್ಕು ಮತಗಳ ಸಮಬಲದಲ್ಲಿ ನಿಂತು, ಕೆಳ ನ್ಯಾಯಾಲಯದ ತೀರ್ಪು ಉಳಿದು, ಕಾಯಿದೆ ಬದುಕಿತು. ಪಾದ್ರಿಯೊಬ್ಬರ ಹೆಸರು ಸಂಬಳದ ಮೊಕದ್ದಮೆಗೆ ಹೀಗೆ ಅಂಟಿಕೊಂಡದ್ದು ಅಪರೂಪವೇ ಸರಿ.

ಕೋಣೆ ಗುಡಿಸುವಾಕೆಯ ದಾವೆ

ಗೆಲುವು ಬಹುಕಾಲ ಉಳಿಯಲಿಲ್ಲ. ರಾಜಧಾನಿ ವಾಷಿಂಗ್ಟನ್ನಿನ ಕನಿಷ್ಠ ವೇತನ ಕಾಯಿದೆಯನ್ನು 1923ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆ ಮೊಕದ್ದಮೆಯಲ್ಲಿ ಹೋಟೆಲೊಂದರ ಲಿಫ್ಟ್ ನಡೆಸುತ್ತಿದ್ದ 21ರ ಹರೆಯದ ವಿಲ್ಲಿ ಲಯನ್ಸ್ ಎಂಬಾಕೆಯೂ ಕಾಯಿದೆಯ ವಿರುದ್ಧ ನಿಂತಿದ್ದಳು. ತಿಂಗಳಿಗೆ 35 ಡಾಲರ್ ಮತ್ತು ದಿನಕ್ಕೆ ಎರಡು ಊಟ ಆಕೆಯ ಸಂಬಳ. ಕಾಯಿದೆ ಜಾರಿಯಾದರೆ ಇರುವ ಕೆಲಸವೂ ಹೋಗುತ್ತದೆಂಬುದು ಆಕೆಯ ವಾದ. ರಕ್ಷಣೆ ಯಾರಿಗಾಗಿ ಬಂದಿತೋ ಅವಳೇ ಅದು ಬೇಡವೆಂದಳು. ಇದೇ ದನಿ ನೂರು ವರ್ಷಗಳ ಮೇಲೆ ಮತ್ತೆ ಕೇಳಿಬರುತ್ತದೆ, ಮುಂದೆ ನೋಡೋಣ.

ದಿಕ್ಕು ಬದಲಾದದ್ದು ವಾಷಿಂಗ್ಟನ್ ರಾಜ್ಯದ ವೆನಾಚಿ ಎಂಬ ಊರಿನ ಹೋಟೆಲಿನಿಂದ. ಕೋಣೆಗಳನ್ನು ಗುಡಿಸಿ ಹಾಸಿಗೆ ಸರಿಪಡಿಸುತ್ತಿದ್ದ ಎಲ್ಸಿ ಪ್ಯಾರಿಷ್ ಎಂಬಾಕೆ ರಾಜ್ಯದ ಕನಿಷ್ಠ ವೇತನದಂತೆ ತನಗೆ ಬರಬೇಕಾದ ಬಾಕಿ 216 ಡಾಲರ್ 19 ಸೆಂಟ್ಸಿಗಾಗಿ ಹೋಟೆಲಿನ ಮಾಲಿಕರ ಮೇಲೆ ದಾವೆ ಹಾಕಿದಳು. 1937ರ ಮಾರ್ಚ್ 29, ಪಾಸ್ಖ ಹಬ್ಬದ ಮರುದಿನ ಸೋಮವಾರ, ಸುಪ್ರೀಂ ಕೋರ್ಟ್ ಐದು–ನಾಲ್ಕು ಮತಗಳಿಂದ ಆಕೆಯ ಪರವಾಗಿ ತೀರ್ಪು ಕೊಟ್ಟು, 1923ರ ತನ್ನ ತೀರ್ಪನ್ನು ತಾನೇ ರದ್ದುಗೊಳಿಸಿತು. ಆ ತೀರ್ಪು ತೆರೆದ ದಾರಿಯಲ್ಲಿಯೇ ಅಧ್ಯಕ್ಷ ರೂಸ್‌ವೆಲ್ಟರು 1938ರ ಜೂನ್ 25ರಂದು ಇಡೀ ದೇಶಕ್ಕೆ ಅನ್ವಯಿಸುವ ಕನಿಷ್ಠ ವೇತನದ ಕಾಯಿದೆಗೆ ಸಹಿ ಹಾಕಿದರು. ಗಂಟೆಗೆ 25 ಸೆಂಟ್ಸ್.

ಆದರೆ ಹೋಟೆಲು, ಉಪಾಹಾರ ಗೃಹಗಳ ಕೆಲಸಗಾರರನ್ನು ಆ ಕಾಯಿದೆಯಿಂದ ಹೊರಗೆ ಇಡಲಾಗಿತ್ತು! ಹೋಟೆಲಿನ ಆಳೊಬ್ಬಳು ಬಾಗಿಲು ತೆರೆದಳು, ಉಳಿದವರು ಒಳಗೆ ಹೋದರು, ಆಕೆಯ ಕಸುಬಿನವರು ಹೊಸ್ತಿಲಾಚೆ ನಿಂತರು. ಅವರನ್ನು ಒಳಗೆ ಕರೆಯಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಕರೆದಾಗಲೂ ಅರ್ಧ ಬಾಗಿಲಿನಿಂದ.

ಅರ್ಧ ಬಾಗಿಲು

ಅಮೆರಿಕದಲ್ಲಿ ಭಕ್ಷೀಸಿನ ಪದ್ಧತಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ಒಡೆಯನು ಆಳಿಗೆ ಎಸೆಯುವ ಕಾಸು ಪ್ರಜಾಪ್ರಭುತ್ವಕ್ಕೆ ಶೋಭಿಸದು ಎಂದು ಬಗೆದವರು ಅನೇಕರಿದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಅದನ್ನು ಕಾಯಿದೆಯಿಂದಲೇ ನಿಷೇಧಿಸಿತು. ಇನ್ನೂ ಕೆಲವು ರಾಜ್ಯಗಳು ಅನುಸರಿಸಿದವು. 1926ರ ಹೊತ್ತಿಗೆ ಆ ನಿಷೇಧಗಳೆಲ್ಲ ರದ್ದಾಗಿದ್ದವು. ಇನ್ನೊಂದು ಕಡೆ, ಗುಲಾಮಗಿರಿ ಅಳಿದ ಮೇಲೆ ಬಿಡುಗಡೆ ಹೊಂದಿದ ಕರಿಯ ಜನಾಂಗದವರನ್ನು ಅಲ್ಪ ಸಂಬಳಕ್ಕೆ ಇಟ್ಟುಕೊಂಡು, ಉಳಿದದ್ದನ್ನು ಪ್ರಯಾಣಿಕರ ಕೈಯಿಂದ ಗಿಟ್ಟಿಸಿಕೊಳ್ಳಿರೆನ್ನುವ ರೂಢಿ ರೈಲುಗಳಲ್ಲೂ ಹೋಟೆಲುಗಳಲ್ಲೂ ಬೆಳೆದಿತ್ತು. ಪುಲ್‌ಮನ್ ಕಂಪೆನಿಯ ರೈಲು ಡಬ್ಬಿಗಳ ಸೇವಕರು 1925ರಲ್ಲಿ ಸಂಘ ಕಟ್ಟಿದ್ದು, 1937ರಲ್ಲಿ ಒಪ್ಪಂದ ಗಳಿಸಿದ್ದು ಈ ರೂಢಿಯ ವಿರುದ್ಧ ನಡೆದ ಹೋರಾಟದ ಭಾಗವೇ.

ಟಿಪ್ಸನ್ನು ಕನಿಷ್ಠ ವೇತನದಲ್ಲಿ ಸೇರಿಸಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದದ್ದೂ ರೈಲು ನಿಲ್ದಾಣದ ಹಮಾಲಿಗಳ ಮೂಲಕ. ಕೆಂಪು ಟೋಪಿಯವರೆಂದು ಕರೆಯಲ್ಪಡುತ್ತಿದ್ದ ಜ್ಯಾಕ್ಸನ್‌ವಿಲ್ ನಿಲ್ದಾಣದ ಹಮಾಲಿಗಳಿಗೆ, ‘ಟಿಪ್ಸಿನ ಲೆಕ್ಕ ಒಪ್ಪಿಸಿ, ಕನಿಷ್ಠ ವೇತನಕ್ಕೆ ಕಡಿಮೆಯಾದದ್ದನ್ನು ಮಾತ್ರ ನಾವು ಕೊಡುತ್ತೇವೆ’ ಎಂದು ಕಂಪೆನಿ ಹೇಳಿತು. 1942ರಲ್ಲಿ ಕೋರ್ಟ್ ಈ ಏರ್ಪಾಡನ್ನು ಒಪ್ಪಿತು. ಹೋಟೆಲು ಕೆಲಸಗಾರರನ್ನು ಕಾಯಿದೆಯೊಳಗೆ ತಂದ 1966ರ ತಿದ್ದುಪಡಿ ಅದನ್ನೇ ಶಾಸನವಾಗಿಸಿತು: ಕನಿಷ್ಠ ವೇತನದ ಅರ್ಧದಷ್ಟನ್ನು ಟಿಪ್ಸಿನಿಂದ ತುಂಬಿಸಿಕೊಳ್ಳಬಹುದು.

ಅರ್ಧವೆಂದರೆ, ಕನಿಷ್ಠ ವೇತನ ಏರಿದಂತೆ ಮಾಲಿಕ ಕೊಡಬೇಕಾದ ಪಾಲೂ ಏರಬೇಕು. 1991ರಲ್ಲಿ ಕನಿಷ್ಠ ವೇತನ 4 ಡಾಲರ್ 25 ಸೆಂಟ್ಸ್ ಆದಾಗ ಅದರ ಅರ್ಧವಾಗಿ ಬಂದದ್ದೇ ಈ 2 ಡಾಲರ್ 13 ಸೆಂಟ್ಸ್. 1996ರ ಆಗಸ್ಟ್ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾಯಿದೆ ಈ ನಂಟನ್ನು ಕಡಿಯಿತು. ಉಳಿದವರ ಕನಿಷ್ಠ ವೇತನ 5 ಡಾಲರ್ 15 ಸೆಂಟ್ಸಿಗೆ, ಬಳಿಕ 7 ಡಾಲರ್ 25 ಸೆಂಟ್ಸಿಗೆ ಏರಿತು. ಬಡಿಸುವವರ ಪಾಲು ಇದ್ದಲ್ಲಿಯೇ ಉಳಿಯಿತು. ಅರ್ಧವಿದ್ದದ್ದು ಈಗ ಮೂರರಲ್ಲಿ ಒಂದು ಪಾಲಿಗೂ ಕಡಿಮೆ. ಟೆಕ್ಸಾಸ್, ಅಲಬಾಮ, ಲೂಸಿಯಾನ, ಟೆನೆಸ್ಸೀ, ಇಂಡಿಯಾನ ಮುಂತಾದ ರಾಜ್ಯಗಳಲ್ಲಿ ಇಂದಿಗೂ ಇದೇ ದರ. ಮೂವತ್ತು ವರ್ಷಗಳಲ್ಲಿ ಊಟದ ಬೆಲೆ ಎಷ್ಟು ಏರಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಲ್ಲ ಕಡೆಯೂ ಹೀಗಿಲ್ಲ. ಅಲಾಸ್ಕ, ಕ್ಯಾಲಿಫೋರ್ನಿಯ, ಮಿನ್ನೆಸೋಟ, ಮೊಂಟಾನ, ನೆವಾಡ, ಓರೆಗಾನ್, ವಾಷಿಂಗ್ಟನ್ ಈ ಏಳು ರಾಜ್ಯಗಳಲ್ಲಿ ಟಿಪ್ಸು ಎಷ್ಟೇ ಬರಲಿ, ರಾಜ್ಯದ ಪೂರ್ಣ ಕನಿಷ್ಠ ವೇತನವನ್ನು ಮಾಲಿಕನೇ ಕೊಡಬೇಕು. ಮಿನ್ನೆಸೋಟ ಫಾದರ್ ರಯನ್ ಹುಟ್ಟಿದ ರಾಜ್ಯ, ಓರೆಗಾನ್ ಫಾದರ್ ಓಹಾರ ದುಡಿದ ರಾಜ್ಯ, ಮೊಂಟಾನ ಅವರು 1930ರಲ್ಲಿ ಧರ್ಮಾಧ್ಯಕ್ಷರಾಗಿ ಹೋದ ರಾಜ್ಯ, ವಾಷಿಂಗ್ಟನ್ ಎಲ್ಸಿ ಪ್ಯಾರಿಷಳ ರಾಜ್ಯ. ಕಾರಣಕಾರ್ಯ ಸಂಬಂಧವನ್ನು ಇಲ್ಲಿ ಕಟ್ಟುವುದು ಅತಿಯಾದೀತು. ಆದರೂ ಪಟ್ಟಿಯನ್ನು ಓದುವಾಗ ಆ ಹೆಸರುಗಳು ನೆನಪಿಗೆ ಬಾರದಿರಲಾರವು. ಈ ರಾಜ್ಯಗಳಲ್ಲಿ ಹೋಟೆಲುಗಳೇನೂ ಕಣ್ಮರೆಯಾಗಿಲ್ಲ.

ಬೇಡವೆನ್ನುವ ಕೆಲಸಗಾರರು

ಹಾಗಾದರೆ ಎಲ್ಲ ರಾಜ್ಯಗಳೂ ಇದನ್ನೇಕೆ ಅನುಸರಿಸುತ್ತಿಲ್ಲ? ಮಾಲಿಕರ ವಿರೋಧವಂತೂ ಇದ್ದೇ ಇದೆ. ಬಡಿಸುವವರಲ್ಲಿಯೇ ಅನೇಕರು ವಿರೋಧಿಸುತ್ತಾರೆಂಬುದು ವಿಶೇಷ. ಮೇನ್ ರಾಜ್ಯದಲ್ಲಿ 2016ರಲ್ಲಿ ಮತದಾರರು ಒಪ್ಪಿದ ಸುಧಾರಣೆಯನ್ನು ಮರುವರ್ಷವೇ ಶಾಸಕಾಂಗ ಹಿಂದಕ್ಕೆ ಪಡೆಯಿತು. ಹಿಂದಕ್ಕೆ ಪಡೆಯಿರೆಂದು ಕೇಳಿಕೊಂಡವರಲ್ಲಿ ಟಿಪ್ಸು ಗಳಿಸುವ ಕೆಲಸಗಾರರೂ ಇದ್ದರು. ರಾಜಧಾನಿ ವಾಷಿಂಗ್ಟನ್ನಿನಲ್ಲಿ 2018ರಲ್ಲಿ ಮತದಾರರು ಒಪ್ಪಿದ್ದನ್ನು ಅದೇ ವರ್ಷ ನಗರ ಮಂಡಳಿ ರದ್ದುಪಡಿಸಿತು. 2022ರಲ್ಲಿ ಮತದಾರರು ಮತ್ತೆ ಒಪ್ಪಿದರು, 2025ರಲ್ಲಿ ಮಂಡಳಿ ಏರಿಕೆಯ ವೇಗವನ್ನು ತಗ್ಗಿಸಿತು. ಮ್ಯಾಸಚುಸೆಟ್ಸ್ ರಾಜ್ಯದ ಮತದಾರರು 2024ರಲ್ಲಿ ಇಂಥದೇ ಸೂಚನೆಯನ್ನು ತಿರಸ್ಕರಿಸಿದರು. ಶಿಕಾಗೊ ನಗರವು ಮಾತ್ರ 2023ರಲ್ಲಿ ತೀರ್ಮಾನಿಸಿ, 2024ರ ಜುಲೈಯಿಂದ ಈ ರಿಯಾಯಿತಿಯನ್ನು ಹಂತಹಂತವಾಗಿ ಕೈಬಿಡತೊಡಗಿತು. ‘ರೇರುಂ ನೊವಾರುಂ’ ಬರೆದ ಲಿಯೋ ಅವರ ಸ್ಮರಣೆಗಾಗಿಯೇ ಆ ಹೆಸರನ್ನು ಆರಿಸಿಕೊಂಡುದಾಗಿ 2025ರಲ್ಲಿ ತಿಳಿಸಿದ ಜಗದ್ಗುರು ಹದಿನಾಲ್ಕನೆಯ ಲಿಯೋ ಹುಟ್ಟಿದ ನಗರ ಅದು.

ವಿರೋಧಿಸುವವರನ್ನು ಮಾಲಿಕರ ಬಾಲಬಡುಕರೆಂದು ಹೀಗಳೆಯುವುದು ತಪ್ಪು. ದೊಡ್ಡ ನಗರದ ದುಬಾರಿ ಹೋಟೆಲಿನಲ್ಲಿ ಒಂದು ಸಂಜೆ ನಾಲ್ಕಾರು ಮೇಜು ನೋಡಿಕೊಳ್ಳುವವನಿಗೆ ಬರುವ ಟಿಪ್ಸು ಕನಿಷ್ಠ ವೇತನವನ್ನು ಎಷ್ಟೋ ಪಾಲು ಮೀರುತ್ತದೆ. ಸಂಬಳ ಏರಿದರೆ ಊಟದ ಬೆಲೆ ಏರುತ್ತದೆ, ಗಿರಾಕಿ ಟಿಪ್ಸಿನಲ್ಲಿ ಕೈಬಿಗಿ ಹಿಡಿಯುತ್ತಾನೆ, ಕಡೆಗೆ ನಷ್ಟ ನನ್ನದೇ ಎಂಬ ಆತನ ಭಯ ನಿರಾಧಾರವಲ್ಲ. ಲಿಫ್ಟ್ ನಡೆಸುತ್ತಿದ್ದ ವಿಲ್ಲಿ ಲಯನ್ಸಳ ಭಯವೂ ಸುಳ್ಳಾಗಿರಲಿಲ್ಲ. ಆದರೆ ಕನಿಷ್ಠ ವೇತನ ಇರುವುದು ಅವನಿಗಾಗಿ ಅಲ್ಲ. ಹೆದ್ದಾರಿ ಬದಿಯ ಸಣ್ಣ ಹೋಟೆಲಿನಲ್ಲಿ ನಸುಕಿನ ಕಾಫಿ, ಮೊಟ್ಟೆ ಬಡಿಸಿ, ಮೇಜಿಗೆ ಒಂದೋ ಎರಡೋ ಡಾಲರ್ ಕಾಣುವವಳಿಗಾಗಿ. ಮತದಾನದ ಪ್ರಚಾರದಲ್ಲಿ ಮೊದಲನೆಯವನ ದನಿ ಕೇಳಿಸುವಷ್ಟು ಎರಡನೆಯವಳ ದನಿ ಕೇಳಿಸುವುದಿಲ್ಲ.

ಇನ್ನೊಂದು ಮುಖವೂ ಇದೆ. ಗಿರಾಕಿಯೇ ಸಂಬಳ ಕೊಡುವವನಾದ ಮೇಲೆ ಅವನ ಒರಟು ಮಾತನ್ನೂ, ಅನುಚಿತ ಸಲಿಗೆಯನ್ನೂ ನಗುನಗುತ್ತ ಸಹಿಸಬೇಕಾದ ಸ್ಥಿತಿ ಹೆಣ್ಣುಮಕ್ಕಳಿಗೆ ಬರುತ್ತದೆ. ಮನೆಯ ಮಗಳು ಇಂಥ ಕೆಲಸದಲ್ಲಿದ್ದಾಳೆಂದು ಭಾವಿಸಿ ನೋಡಿದರೆ ಇದರ ತೂಕ ತಿಳಿದೀತು. ಕೆಲಸಗಾರನ ಕೂಲಿಯನ್ನು ವಂಚಿಸುವುದನ್ನು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳಲ್ಲಿ ಒಂದೆಂದು ಧರ್ಮೋಪದೇಶದಲ್ಲಿ ಕಲಿತವರು ನಾವು. ಕೂಲಿ ನ್ಯಾಯಕ್ಕೆ ಸೇರಿದ್ದು, ಭಕ್ಷೀಸು ಔದಾರ್ಯಕ್ಕೆ ಸೇರಿದ್ದು. ಎರಡನ್ನೂ ಒಂದೇ ಖಾತೆಗೆ ಬರೆಯಲು ಬಿಟ್ಟದ್ದೇ ಈ ಕಾಯಿದೆಯ ದೋಷವೆಂದು ಈ ಲೇಖಕನ ಅಭಿಪ್ರಾಯ. ನಮ್ಮ ದೇಶದ ಸುಪ್ರೀಂ ಕೋರ್ಟ್ 2016ರಲ್ಲಿ ಐಟಿಸಿ ಹೋಟೆಲುಗಳ ತೆರಿಗೆ ಮೊಕದ್ದಮೆಯಲ್ಲಿ, ಗಿರಾಕಿಗಳು ಕಾರ್ಡಿನ ಮೂಲಕ ಕೊಟ್ಟ ಟಿಪ್ಸನ್ನು ಮಾಲಿಕರು ಹಂಚಿದರೂ ಅದು ಸಂಬಳವಾಗದು ಎಂದು ಹೇಳಿದೆ. ಪ್ರಶ್ನೆ ತೆರಿಗೆಯದಾಗಿದ್ದರೂ ಗೆರೆ ಎಳೆದದ್ದು ಸರಿಯಾದ ಜಾಗದಲ್ಲಿಯೇ.

ಅಮೆರಿಕಕ್ಕೆ ಹೋಗಿಬರುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. 2018ರ ತಿದ್ದುಪಡಿಯಂತೆ ಟಿಪ್ಸಿನಲ್ಲಿ ಮಾಲಿಕನಾಗಲಿ ಮ್ಯಾನೇಜರನಾಗಲಿ ಪಾಲು ಇಟ್ಟುಕೊಳ್ಳುವಂತಿಲ್ಲ. ಪೂರ್ಣ ಕನಿಷ್ಠ ವೇತನ ಕೊಡುವ ಹೋಟೆಲಿನಲ್ಲಿ ಟಿಪ್ಸನ್ನು ಅಡುಗೆಯವರು, ಪಾತ್ರೆ ತೊಳೆಯುವವರೊಂದಿಗೂ ಹಂಚಬಹುದು. 2 ಡಾಲರ್ 13 ಸೆಂಟ್ಸಿನ ಹೋಟೆಲಿನಲ್ಲಿ ಒಳಮನೆಯವರಿಗೆ ಅದರಲ್ಲಿ ಪಾಲು ಕಡ್ಡಾಯ ಮಾಡುವಂತಿಲ್ಲ. 2025ರ ಜುಲೈ 4ರಂದು ಸಹಿಯಾದ ಕಾಯಿದೆಯಂತೆ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರುಗಳವರೆಗಿನ ಟಿಪ್ಸಿಗೆ ಕೇಂದ್ರದ ಆದಾಯ ತೆರಿಗೆಯಲ್ಲಿ ವಿನಾಯಿತಿ ಉಂಟು. ಆದಾಯವೇ ತೆರಿಗೆಯ ಮಟ್ಟಕ್ಕೆ ಏರದವರಿಗೆ ಅದರಿಂದ ಪ್ರಯೋಜನವೇನೂ ಇಲ್ಲ.

ಬಿಲ್ಲಿನಲ್ಲಿ ‘ಸರ್ವಿಸ್ ಚಾರ್ಜ್’ ಎಂದು ಕಡ್ಡಾಯವಾಗಿ ಅಚ್ಚಾಗಿರುವ ಮೊತ್ತ ಮಾತ್ರ ಕೇಂದ್ರದ ಕಾಯಿದೆಯ ಪ್ರಕಾರ ಟಿಪ್ಸಲ್ಲ, ಅದು ಮಾಲಿಕನ ಆದಾಯ. ಅದರಲ್ಲಿ ಬಡಿಸಿದವರಿಗೆ ಎಷ್ಟು ಸೇರುತ್ತದೆಂದು ಅವರನ್ನೇ ಕೇಳಿ ತಿಳಿದುಕೊಂಡು, ಆ ಬಳಿಕ ಕೆಳಗಿನ ಖಾಲಿ ಗೆರೆಯನ್ನು ತುಂಬಬಹುದು.